ಸಾಹುಕಾರರು ಕೇಳದೆ ಬಿಟ್ಟ ಸೆಂಟು

ಕಾದಂಬರಿಕಾರ ನಾಯಕನ ಮನಸ್ಸಿನೊಳಗೆ ನೇರವಾಗಿ ಇಳಿಯಬಲ್ಲ. ಚಿತ್ರಕಥೆಗಾರನ ಕೈಯಲ್ಲಿರುವುದು ಕಣ್ಣಿಗೆ ಕಾಣುವುದು ಮತ್ತು ಕಿವಿಗೆ ಕೇಳುವುದು ಮಾತ್ರ. ತೋಟ ಮಾರಲು ನಿರ್ಧರಿಸಿ ಯಾರಿಗೂ ಹೇಳದ ಕೊಡಗಿನ ಸಿದ್ದಾಪುರದ ಕಾಫಿ ಬೆಳೆಗಾರನೊಬ್ಬನ ಕಥೆ ಬರೆಯುವಾಗ, ನಾನು ಮೊದಲ ಕರಡಿನಲ್ಲಿ ಹಿನ್ನೆಲೆ ಧ್ವನಿಗೆ ಶರಣಾಗಿದ್ದೆ. ಅದು ಸೋಮಾರಿತನವೆಂದು ಈಗ ಅನ್ನಿಸುತ್ತದೆ.

ಎರಡನೆಯ ಕರಡಿಗೆ ತೋಟದ ರೈಟರು ಬಂದರು (ನಮ್ಮಲ್ಲಿ ರೈಟರೆಂದರೆ ಸಾಹಿತಿಯಲ್ಲ, ಲೆಕ್ಕ ಬರೆಯುವವರು). ಕಾಫಿ ಹೂವರಳಿಸುವ ಮಾರ್ಚಿನ ಮಳೆ ಬಿದ್ದ ಮರುದಿನ, ಪ್ರತಿವರ್ಷವೂ ಮಳೆ ಎಷ್ಟು ಇಂಚು, ಎಷ್ಟು ಸೆಂಟು (ಇಂಚಿನ ನೂರನೇ ಒಂದು ಪಾಲು) ಎಂದು ಗೇಟಿನಲ್ಲೇ ವಿಚಾರಿಸುತ್ತಿದ್ದ ಯಜಮಾನ ಈ ಸಲ ಸುಮ್ಮನೆ ಜೀಪು ಹತ್ತುತ್ತಾನೆ. ಮಳೆಮಾಪಕ ಹಿಡಿದು ನಿಂತ ರೈಟರು, “ಸೆಂಟು ಕೇಳಲೇ ಇಲ್ಲವಲ್ಲ, ಸಾಹುಕಾರ್ರೇ?” ಎನ್ನುತ್ತಾರೆ. ನಾಲ್ಕು ಪುಟಗಳ ಸ್ವಗತವನ್ನು ನಾನು ಹೊಡೆದುಹಾಕಿದ್ದು ಆಗ.

ಆದರೆ ಪೋಷಕ ಪಾತ್ರ ನಾಯಕನ ಬಾಯಿ ಬಿಡಿಸುವುದಕ್ಕಷ್ಟೇ ಹುಟ್ಟಿದ್ದರೆ ಪ್ರೇಕ್ಷಕರಿಗೆ ತಕ್ಷಣ ಗೊತ್ತಾಗಿಬಿಡುತ್ತದೆ. ಅದಕ್ಕೂ ಸ್ವಂತದ ಚಿಂತೆಯೊಂದು ಬೇಕು. ತೋಟ ಕೈಬದಲಾದರೆ ಲೈನ್‌ಮನೆ (ತೋಟದ ಕೆಲಸದವರಿಗೆ ಕೊಡುವ ಸಾಲುಮನೆ) ಖಾಲಿ ಮಾಡಬೇಕಾದೀತೆಂಬ ಭಯ ಈ ರೈಟರಿಗಿದೆ. ಹಾಗಾಗಿ ಉತ್ತರ ಸಿಗದಿದ್ದರೂ ಅವರು ಪುಸ್ತಕ ತೆರೆದು, ತಾರೀಖಿನ ಮುಂದೆ ಎಂದಿಗಿಂತ ದಪ್ಪಕ್ಷರದಲ್ಲಿ ಮಳೆಯನ್ನು ಬರೆದಿಡುತ್ತಾರೆ.