ಐನೂರು ಕುದುರೆ ಅಂದವರ ಹತ್ತಿರ ಮೊದಲು ಇಂಜೆಕ್ಟರ್ ಸೈಜ್ ಕೇಳಿ

ಖರೀದಿಗೆ ಮುಂಚೆ ತಪಾಸಣೆಗೆಂದು ಗ್ಯಾರೇಜಿಗೆ ಬರುವ ಹಳೆ ಸ್ಪೋರ್ಟ್ಸ್ ಕಾರುಗಳ ಜೊತೆ ಒಂದು ಸಂಖ್ಯೆಯೂ ಬರುತ್ತದೆ. 400, 500, ಕೆಲವೊಮ್ಮೆ 600 ಅಶ್ವಶಕ್ತಿ. ಕೊಳ್ಳುವವರ ಕಣ್ಣು ಅದರ ಮೇಲೆಯೇ ಇರುತ್ತದೆ. ನಮ್ಮ ಕೆಲಸದಲ್ಲಿ ಅದನ್ನು ಕೊನೆಗೆ ನೋಡುತ್ತೇವೆ. ದೊಡ್ಡ ಇಂಜಿನ್ ಕೂರಿಸಿ ಟರ್ಬೊ ಹಾಕುವುದು ಈಗ ಅಷ್ಟು ಕಷ್ಟದ ಕೆಲಸವಲ್ಲ. ಆ ಶಕ್ತಿಯನ್ನು ಹೊರುವ ಚಾಸಿಸ್, ನಿಲ್ಲಿಸುವ ಬ್ರೇಕ್, ತಣಿಸುವ ರೇಡಿಯೇಟರ್, ಒಪ್ಪುವ ಕಾಗದಪತ್ರ, ಇವೆಲ್ಲ ಒಂದೇ ಗಾಡಿಯಲ್ಲಿ ಸೇರುವುದು ಕಷ್ಟ. ದುಡ್ಡು ಕೊಟ್ಟವರು ಸೋಲುವುದೂ ಇಲ್ಲಿಯೇ.

ಜಾಕ್ ಹಾಕುವ ಮೊದಲು ಆರ್‌ಸಿ ನೋಡಬೇಕು. ಚಾಸಿಸ್ ನಂಬರನ್ನು ಟಾರ್ಚ್ ಹಿಡಿದು ಓದಿ. ಅಕ್ಷರಗಳ ಆಳ, ಅಂತರ ಒಂದೇ ರೀತಿ ಇದೆಯೇ, ಸುತ್ತ ವೆಲ್ಡಿಂಗ್ ಅಥವಾ ಗ್ರೈಂಡರ್ ಗುರುತು ಉಂಟೇ ಎಂದು ಗಮನಿಸಿ. ಆಮೇಲೆ ಇಂಜಿನ್ ನಂಬರ್. ಹಿಂದೂಸ್ತಾನ್ ಮೋಟಾರ್ಸ್‌ನ ಕಂಟೆಸ್ಸಾ ಕಾರಿನ ಬಾನೆಟ್ ತೆರೆದರೆ ಒಳಗೆ ಇಸುಜುವಿನ 1.8 ಲೀಟರ್ ಇಂಜಿನ್ ಬದಲು ಟೊಯೋಟಾದ ಮೂರು ಲೀಟರ್ 2ಜೆಝಡ್ ಕೂತಿದ್ದರೆ, ಆರ್‌ಸಿಯಲ್ಲಿ ಅದು ದಾಖಲಾಗಿದೆಯೇ ಎಂಬುದೇ ಮೊದಲ ಪ್ರಶ್ನೆ. ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಬದಲಾವಣೆ ಮಾಡಿದವರು ಹಿಂದಿನ ಮಾಲೀಕರಾದರೂ ರಸ್ತೆಯಲ್ಲಿ ಪೊಲೀಸರು ಕೈ ಅಡ್ಡ ಹಾಕಿದಾಗ ಉತ್ತರ ಕೊಡಬೇಕಾದವರು ಸ್ಟಿಯರಿಂಗ್ ಹಿಂದೆ ಕೂತವರು.

‘ವಿಂಟೇಜ್ ನಂಬರ್ ಮಾಡಿಸಿಕೊಳ್ಳಬಹುದು’ ಎಂಬ ಮಾತನ್ನು ನಂಬಬೇಡಿ. 2021ರಲ್ಲಿ ಬಂದ ನಿಯಮದಲ್ಲಿ ವಿಂಟೇಜ್ ಅಂದರೆ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಗಾಡಿ. ಚಾಸಿಸ್, ಬಾಡಿ ಶೆಲ್ ಅಥವಾ ಇಂಜಿನ್ ಬದಲಾಗಿದ್ದರೆ ಆ ಬಾಗಿಲು ಮುಚ್ಚಿತು. ಸಿಕ್ಕರೂ ದಿನನಿತ್ಯ ಓಡಿಸುವ ಹಾಗಿಲ್ಲ. ಕಂಟೆಸ್ಸಾ ಮಾರುಕಟ್ಟೆಗೆ ಬಂದದ್ದೇ 1984ರಲ್ಲಿ, ಅಂದ ಮೇಲೆ ಅದಕ್ಕೆ ವಯಸ್ಸಿನ ಲೆಕ್ಕದಲ್ಲೂ ಆಗುವುದಿಲ್ಲ. ಕಾಸರಗೋಡು ಕಡೆಯಿಂದ ಕೇರಳ ನೋಂದಣಿಯ ಗಾಡಿ ಬಂದರೆ ಅಲ್ಲಿನ ಆರ್‌ಟಿಒದ ನಿರಾಕ್ಷೇಪಣಾ ಪತ್ರ (ಎನ್‌ಒಸಿ), ಮಂಗಳೂರಿನ ಕೆಎ 19 ಅಥವಾ ಉಡುಪಿಯ ಕೆಎ 20ಕ್ಕೆ ಮರುನೋಂದಣಿ, ಕರ್ನಾಟಕದ ಜೀವಾವಧಿ ತೆರಿಗೆ, ಮೂರರ ಖರ್ಚನ್ನೂ ಮಾತುಕತೆಯ ಹೊತ್ತಿಗೇ ಸೇರಿಸಿಕೊಳ್ಳಿ. ಹೊರದೇಶದಿಂದ ಹಾಫ್ ಕಟ್ ಆಗಿ, ಅಂದರೆ ಕತ್ತರಿಸಿದ ಅರ್ಧ ಕಾರಿನ ಜೊತೆ, ಬಂದ ಇಂಜಿನ್‌ಗೆ ಬಿಲ್ ಇರಲೇಬೇಕು. ಇಡೀ ಗಾಡಿಯೇ ಹೊರದೇಶದ್ದಾದರೆ ಕಸ್ಟಮ್ಸ್‌ನ ಆಮದು ದಾಖಲೆಯಾದ ಬಿಲ್ ಆಫ್ ಎಂಟ್ರಿ ಕೇಳಿ. ಅದಿಲ್ಲದಿದ್ದರೆ ಗಾಡಿ ಎಷ್ಟೇ ಚಂದವಿದ್ದರೂ ಅಲ್ಲಿಗೇ ಕೈಬಿಡುವುದು ನಮ್ಮ ಸಲಹೆ.

ಕರಾವಳಿಯಲ್ಲಿ ಇಂಜಿನ್‌ಗಿಂತ ಬಾಡಿಗೆ ಹೆಚ್ಚು ಸಮಯ ಕೊಡಬೇಕು. ಇಂಜಿನ್ ಹೋದರೆ ಇನ್ನೊಂದು ಕಟ್ಟಬಹುದು. ಗಾಡಿಯ ಭಾರ ಹೊರುವ ಉದ್ದದ ತೊಲೆ, ಸೈಡ್ ಮೆಂಬರ್, ಒಳಗಿನಿಂದ ತುಕ್ಕು ತಿಂದಿದ್ದರೆ ಆ ಗಾಡಿಗೆ 400 ಕುದುರೆ ಹಾಕುವುದೇ ಅಪಾಯ. ಪಣಂಬೂರು, ಮಲ್ಪೆ, ಸುರತ್ಕಲ್‌ನಂಥ ಕಡಲ ಬದಿಯಲ್ಲಿ ವರ್ಷಗಟ್ಟಲೆ ನಿಂತ ಗಾಡಿಯ ಹೊರಮೈ ಹೊಳೆಯುತ್ತಿರುತ್ತದೆ, ಯಾಕೆಂದರೆ ಪೇಂಟ್ ಹೊಸದು. ಉಪ್ಪಿನ ಗಾಳಿ, ಮಳೆಗಾಲದ ನಾಲ್ಕು ತಿಂಗಳ ತೇವ ಎರಡೂ ಸೇರಿ ಕೆಲಸ ಮಾಡುವುದು ಒಳಗೆ, ನೀರು ಹೊರಹೋಗುವ ತೂತು ಮುಚ್ಚಿಹೋದ ಪೆಟ್ಟಿಗೆಯಂಥ ಜಾಗಗಳಲ್ಲಿ.

ಪೇಂಟ್ ದಪ್ಪ ಅಳೆಯುವ ಗೇಜ್ ಹಿಡಿದು ಒಂದೊಂದು ಪ್ಯಾನೆಲ್‌ನಲ್ಲಿ ಐದಾರು ಕಡೆ ಅಳೆಯಿರಿ. ಕಂಪನಿ ಪೇಂಟ್ ಸುಮಾರು 80ರಿಂದ 150 ಮೈಕ್ರಾನ್. ಮೇಲೆ ಮತ್ತೊಮ್ಮೆ ಬಣ್ಣ ಹೊಡೆದಿದ್ದರೆ 200ರಿಂದ 350. ಇಷ್ಟು ಹಳೆ ಗಾಡಿಯಲ್ಲಿ ಅದು ತಪ್ಪೇನಲ್ಲ. 600, 1000 ತೋರಿಸಿದರೆ ಕೆಳಗೆ ಪುಟ್ಟಿ ಉಂಟು. ಗೇಜ್ ಏನೂ ತೋರಿಸದಿದ್ದರೆ ಒಂದೋ ಫೈಬರ್, ಇಲ್ಲವೇ ಪುಟ್ಟಿ ಅಳತೆ ಮೀರುವಷ್ಟು ದಪ್ಪ. ಮಡ್‌ಗಾರ್ಡ್‌ನ ಕೆಳಗಿನ ಅಂಚು, ಬಾಗಿಲ ಕೆಳಗಿನ ಸಿಲ್, ಹಿಂದಿನ ಚಕ್ರದ ಕಮಾನು, ಮುಂದಿನ ಸಸ್ಪೆನ್ಷನ್ ಟವರ್, ಬ್ಯಾಟರಿ ಟ್ರೇ, ಇವು ಮೊದಲು ನೋಡುವ ಜಾಗಗಳು. ಡಾಟ್ಸನ್ 240ಝಡ್ ಆದರೆ ಬ್ಯಾಟರಿ ಟ್ರೇ ಮತ್ತು ಅದರ ಕೆಳಗಿನ ರೇಲ್ ಬಿಡಬೇಡಿ. 1960ರ ದಶಕದ ಮಸ್ಟಾಂಗ್ ಆದರೆ ವಿಂಡ್‌ಶೀಲ್ಡ್ ಕೆಳಗಿನ ಗಾಳಿ ಬರುವ ಪೆಟ್ಟಿಗೆಗೆ ಒಂದು ಕೊಡ ನೀರು ಹೊಯ್ದು, ಒಳಗೆ ಕಾಲಿಡುವ ಜಾಗದ ಕಾರ್ಪೆಟ್ ಎತ್ತಿ ನೋಡಿ. ಅಲ್ಲಿ ಒದ್ದೆಯಾದರೆ ಡ್ಯಾಶ್‌ಬೋರ್ಡ್ ಬಿಚ್ಚುವ ಕೆಲಸ ಕಾದಿದೆ.

ಅಡಿಭಾಗಕ್ಕೆ ಹೊಚ್ಚಹೊಸ ಕಪ್ಪು ಅಂಡರ್‌ಕೋಟಿಂಗ್ ಹೊಡೆದಿದ್ದರೆ ನಮಗೆ ಅನುಮಾನ. ಮಾರುವವರ ಒಪ್ಪಿಗೆ ಪಡೆದು ದಬ್ಬಣದ ಮೊನೆಯಿಂದ ಒತ್ತಿ ನೋಡಿ. ಗಟ್ಟಿ ತಗಡು ಒಳಗೆ ಹೋಗುವುದಿಲ್ಲ. ಬೋರ್‌ಸ್ಕೋಪ್ ಕ್ಯಾಮೆರಾವನ್ನು ಸಿಲ್‌ನ ತೂತಿನಲ್ಲಿ ಇಳಿಸಿದರೆ ಪದರ ಪದರವಾಗಿ ಏಳುವ ತುಕ್ಕು ಕಾಣುತ್ತದೆ. ಎರಡು ಬಾಗಿಲುಗಳ ಸಂದು ಮೇಲೆ ಕೆಳಗೆ ಬೇರೆ ಬೇರೆ ಇದ್ದರೆ, ಜಾಕ್ ಮೇಲೆ ಎತ್ತಿದಾಗ ಬಾಗಿಲು ಬಿಗಿಯಾದರೆ, ಶೆಲ್ ಬಾಗುತ್ತಿದೆ. ದೊಡ್ಡ ಟಾರ್ಕ್ ಅದನ್ನು ಇನ್ನಷ್ಟು ತಿರುಚುತ್ತದೆ.

ಈಗ ಇಂಜಿನ್. ಇಲ್ಲಿ ಲೆಕ್ಕ ಸುಳ್ಳು ಹೇಳುವುದಿಲ್ಲ. ಟರ್ಬೊ ಪೆಟ್ರೋಲ್ ಇಂಜಿನ್‌ಗೆ ಒಂದು ಅಶ್ವಶಕ್ತಿಗೆ ನಿಮಿಷಕ್ಕೆ ಸುಮಾರು 6.3 ಸಿಸಿ ಪೆಟ್ರೋಲ್ ಬೇಕು, ಆ ಪೆಟ್ರೋಲನ್ನು ಇಂಜಿನ್‌ಗೆ ಚಿಮ್ಮಿಸುವ ಇಂಜೆಕ್ಟರನ್ನು 85 ಶೇಕಡಾಕ್ಕಿಂತ ಹೆಚ್ಚು ತೆರೆದಿಡಬಾರದು. ಆರು ಸಿಲಿಂಡರ್‌ಗೆ 440 ಸಿಸಿಯ ಆರು ಇಂಜೆಕ್ಟರ್ ಇದ್ದರೆ ಒಟ್ಟು 2,640, ಅದರ 85 ಶೇಕಡಾ 2,244, ಭಾಗಿಸಿ 6.3, ಸಿಗುವುದು ಸುಮಾರು 356 ಅಶ್ವಶಕ್ತಿ. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ರೇಲ್‌ನ ಪ್ರೆಶರ್ 3 ಬಾರ್‌ನಿಂದ 4ಕ್ಕೆ ಏರಿಸಿದರೂ ಹರಿವು ಹೆಚ್ಚುವುದು 15 ಶೇಕಡಾ ಮಾತ್ರ, ಅಂದರೆ 410ರ ಆಸುಪಾಸು. 500 ಬೇಕಾದರೆ ಒಂದೊಂದು ಇಂಜೆಕ್ಟರ್ 620 ಸಿಸಿ ಇರಬೇಕು. ಇಂಜೆಕ್ಟರ್ ಮೇಲಿನ ಪಾರ್ಟ್ ನಂಬರ್ ಬರೆದುಕೊಂಡು ಹುಡುಕಿದರೆ ಐದು ನಿಮಿಷದಲ್ಲಿ ಸತ್ಯ ಗೊತ್ತಾಗುತ್ತದೆ. ಶಕ್ತಿ ಅಳೆಯುವ ಯಂತ್ರದ ಡೈನೊ ಶೀಟ್ ತೋರಿಸಿದರೆ ಮೂರು ಗೆರೆ ಕೇಳಿ: ಪವರ್, ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ), ಏರ್-ಫ್ಯುಯೆಲ್ (ಗಾಳಿ-ಇಂಧನ ಪ್ರಮಾಣ). ಪವರ್ ಗೆರೆ ಒಂದೇ ಇರುವ ಶೀಟ್‌ನಿಂದ ಇಂಜಿನ್ ಎಷ್ಟು ಸುರಕ್ಷಿತ ಎಂದು ತಿಳಿಯುವುದಿಲ್ಲ. ಚಕ್ರದಲ್ಲಿ ಅಳೆದ ಲೆಕ್ಕವೋ, ಇಂಜಿನ್‌ನ ಕ್ರ್ಯಾಂಕ್‌ನಲ್ಲಿ ಬರುವ ಲೆಕ್ಕವೋ ಎಂದೂ ಕೇಳಿ. ಹಿಂದಿನ ಚಕ್ರ ಓಡುವ ಮ್ಯಾನ್ಯುವಲ್ ಗಾಡಿಯಲ್ಲಿ ನಡುವೆ ಸುಮಾರು 15 ಶೇಕಡಾ ಹೋಗುತ್ತದೆ.

ಸಿಲಿಂಡರ್‌ಗಳ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟನ್ನು ಬಿಸಿ ಇಂಜಿನ್‌ನಲ್ಲಿ, ಎಲ್ಲ ಪ್ಲಗ್ ಬಿಚ್ಚಿ, ಫ್ಯುಯೆಲ್ ಮತ್ತು ಇಗ್ನಿಷನ್ ಬಂದ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು, ಐದಾರು ಸುತ್ತು ತಿರುಗಿಸಿ ಮಾಡಬೇಕು. ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ 10 ಶೇಕಡಾದೊಳಗೆ ಇರಲಿ. ಅದಕ್ಕಿಂತ ಹೆಚ್ಚು ವಿಷಯ ಹೇಳುವುದು ಲೀಕ್‌ಡೌನ್. 100 ಪಿಎಸ್‌ಐ ಗಾಳಿ ಕೊಟ್ಟಾಗ ಸೋರಿಕೆ 10 ಶೇಕಡಾದೊಳಗಿದ್ದರೆ ಒಳ್ಳೆಯದು, 20 ದಾಟಿದರೆ ಇಂಜಿನ್ ಬಿಚ್ಚುವ ಲೆಕ್ಕ ಹಾಕಿ. ಕಿವಿಗೊಟ್ಟರೆ ಜಾಗವೂ ಗೊತ್ತಾಗುತ್ತದೆ. ಸೈಲೆನ್ಸರ್‌ನಲ್ಲಿ ಸುಯ್ಯೆಂದರೆ ಎಕ್ಸಾಸ್ಟ್ ವಾಲ್ವ್, ಥ್ರಾಟಲ್ ಬಾಯಲ್ಲಿ ಆದರೆ ಇನ್‌ಟೇಕ್ ವಾಲ್ವ್, ಆಯಿಲ್ ಹೊಯ್ಯುವಲ್ಲಿ ಆದರೆ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್. ಫೋರ್ಜ್ಡ್ ಪಿಸ್ಟನ್ ಹಾಕಿದ ಇಂಜಿನ್ ತಣ್ಣಗಿದ್ದಾಗ ಟಕಟಕ ಅನ್ನುವುದು ಸಹಜ, ಬಿಸಿಯಾದಾಗ ಆ ಸದ್ದು ಹೋಗಬೇಕು. ಹೋಗದಿದ್ದರೆ ಬೇರೆ ಕಾರಣ.

ಆಯಿಲ್ ಫಿಲ್ಟರನ್ನು ಕತ್ತರಿಸಿ ಕಾಗದ ಬಿಡಿಸಿ ನೋಡುವುದಕ್ಕೆ ಮಾರುವವರು ಒಪ್ಪದಿದ್ದರೆ ಅದೇ ಒಂದು ಉತ್ತರ. ಅಯಸ್ಕಾಂತಕ್ಕೆ ಅಂಟುವುದು ಉಕ್ಕಿನ ಪುಡಿ, ತಾಮ್ರದ ಬಣ್ಣದ ಹೊಳಪು ಬೇರಿಂಗ್‌ನದು. ಬಿಸಿ ಆಯಿಲ್ ಪ್ರೆಶರ್ ಪ್ರತಿ 1000 ಆರ್‌ಪಿಎಂಗೆ 10 ಪಿಎಸ್‌ಐ ಇರಬೇಕೆಂಬುದು ಹಳೆಯ ಲೆಕ್ಕ, ಈಗಲೂ ಸರಿ. ಟರ್ಬೊದ ಶಾಫ್ಟ್ ಪಕ್ಕಕ್ಕೆ ಸ್ವಲ್ಪ ಅಲುಗಿದರೆ ಚಿಂತೆಯಿಲ್ಲ. ಒಳಗೆ ಹೊರಗೆ ಎಳೆದಾಗ ಕೈಗೆ ಆಟ ತಿಳಿದರೆ ಥ್ರಸ್ಟ್ ಬೇರಿಂಗ್ ಹೋಗಿದೆ.

ಪೆಟ್ರೋಲ್‌ನ ವಿಷಯವನ್ನು ಹೆಚ್ಚಿನವರು ಮರೆಯುತ್ತಾರೆ. 2025ರಿಂದ ಬಂಕ್‌ಗಳಲ್ಲಿ ಸಿಗುವುದು ಹೆಚ್ಚಾಗಿ ಇ20, ಅಂದರೆ 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್. ಬರಿ ಪೆಟ್ರೋಲ್‌ಗೆ ಸರಿಯಾದ ಗಾಳಿ-ಇಂಧನ ಪ್ರಮಾಣ 14.7, ಇ10ಕ್ಕೆ 14.1, ಇ20ಕ್ಕೆ ಸುಮಾರು 13.5. ಕೆಲವು ವರ್ಷ ಹಿಂದೆ ಇ10ರಲ್ಲಿ ಟ್ಯೂನ್ ಮಾಡಿದ ಮ್ಯಾಪ್ (ಇಂಜಿನ್‌ನ ಕಂಪ್ಯೂಟರಿಗೆ ಬರೆದ ಇಂಧನದ ಲೆಕ್ಕ) ಈಗ ಪೂರ್ತಿ ಬೂಸ್ಟ್‌ನಲ್ಲಿ 4 ಶೇಕಡಾ ಲೀನ್, ಅಂದರೆ ಬೇಕಾದ್ದಕ್ಕಿಂತ ಕಡಿಮೆ ಇಂಧನದಲ್ಲಿ, ಓಡುತ್ತದೆ. ಎಥನಾಲ್ ನಾಕಿಂಗ್ (ಇಂಧನ ತಾನಾಗಿ ಹೊತ್ತಿ ಇಂಜಿನ್ ಬಡಿಯುವುದು) ತಡೆಯುತ್ತದೆ, ನಿಜ. ಆದರೆ ಲೀನ್‌ನಿಂದ ಏರುವ ಎಕ್ಸಾಸ್ಟ್ ಶಾಖಕ್ಕೆ ಅದನ್ನೇ ನಂಬಿ ಕೂರಲಾಗದು. ಹಾಗಾಗಿ ಮ್ಯಾಪ್ ಯಾವಾಗ, ಯಾವ ಪೆಟ್ರೋಲ್‌ನಲ್ಲಿ ಮಾಡಿದ್ದು ಎಂದು ಕೇಳಿ. ಹಳೆ ರಬ್ಬರ್ ಪೈಪ್‌ಗಳು ಇ20ರಲ್ಲಿ ಉಬ್ಬಿ ಬಿರುಕು ಬಿಡುತ್ತವೆ. ಟ್ಯಾಂಕ್‌ನಿಂದ ರೇಲ್‌ವರೆಗೆ ಪೈಪ್ ಬದಲಿಸುವ ಖರ್ಚು ಮೊದಲೇ ಲೆಕ್ಕಕ್ಕೆ ಸೇರಲಿ. ನಮ್ಮ ತೇವದ ಹವೆಯಲ್ಲಿ ಎಥನಾಲ್ ನೀರು ಹೀರುತ್ತದೆ. ಮಳೆಗಾಲ ಪೂರ್ತಿ ಶೆಡ್‌ನಲ್ಲಿ ನಿಂತ ಗಾಡಿಯ ಟ್ಯಾಂಕಿನ ತಳದಿಂದ ಒಂದು ಲೋಟ ತೆಗೆದು ಗಾಜಿನ ಬಾಟಲಿಯಲ್ಲಿ ಇಟ್ಟರೆ ಕೆಳಗೆ ಬೇರೆ ಪದರ ನಿಲ್ಲುತ್ತದೆಯೇ ನೋಡಬಹುದು.

ವೈರಿಂಗ್ ನೋಡಿದರೆ ಗಾಡಿ ಕಟ್ಟಿದವರ ಕೈ ಗೊತ್ತಾಗುತ್ತದೆ. ಇನ್ಸುಲೇಶನ್ ಟೇಪ್ ಸುತ್ತಿದ ತಿರುಚಿದ ಜೋಡಣೆ, ಫ್ಯೂಸ್ ಇಲ್ಲದೆ ಬ್ಯಾಟರಿಯಿಂದ ನೇರ ಪಂಪಿಗೆ ಹೋದ ವೈರ್, ಇವು ಕಂಡರೆ ಇಡೀ ವೈರಿಂಗ್ ಹಾರ್ನೆಸ್ ಹೊಸದಾಗಿ ಹಾಕಬೇಕು ಎಂದು ಲೆಕ್ಕ ಹಾಕಿ. ಉಪ್ಪಿನ ಗಾಳಿಯಲ್ಲಿ ತೆರೆದ ತಾಮ್ರ ಬೇಗ ಹಸಿರಾಗುತ್ತದೆ. ಸ್ಟಾರ್ಟರ್ ತಿರುಗುವಾಗ ಬ್ಯಾಟರಿ ನೆಗೆಟಿವ್‌ನಿಂದ ಬ್ಲಾಕ್‌ಗೆ ವೋಲ್ಟ್‌ಮೀಟರ್ ಹಿಡಿದರೆ 0.2 ವೋಲ್ಟ್‌ಗಿಂತ ಹೆಚ್ಚು ಬರಬಾರದು. ಅರ್ತ್ ಸರಿಯಿಲ್ಲದ ಗಾಡಿಯಲ್ಲಿ ಸೆನ್ಸರ್‌ಗಳು ತಪ್ಪು ಹೇಳುತ್ತವೆ, ಇಂಜಿನ್‌ನ ಕಂಪ್ಯೂಟರ್ ಆದ ಇಸಿಯು ಅದನ್ನೇ ನಂಬುತ್ತದೆ. ಹೊರಗಿನ ಇಸಿಯು ಹಾಕಿದ್ದರೆ ಅದರ ಪಾಸ್‌ವರ್ಡ್ ಬೇಕೇ ಬೇಕು. ಟ್ಯೂನರ್ ಲಾಕ್ ಮಾಡಿಟ್ಟ ಮ್ಯಾಪ್ ಇದ್ದರೆ ಮುಂದೆ ಸಣ್ಣ ಬದಲಾವಣೆಗೂ ಹೊಸದಾಗಿ ಟ್ಯೂನ್ ಮಾಡಿಸಬೇಕು.

ಬ್ರೇಕ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ನೂರಕ್ಕಿಂತ ಕಡಿಮೆ ಕುದುರೆಗೆ ಮಾಡಿದ ಡಿಸ್ಕ್, ಹಿಂದೆ ಅದೇ ಡ್ರಮ್, ಮುಂದೆ 400 ಕುದುರೆ, ಇಂಥ ಗಾಡಿಯನ್ನು ಓಡಿಸಿ ನೋಡುವುದೂ ಬೇಡ. ದೊಡ್ಡ ಕ್ಯಾಲಿಪರ್ ಹಾಕಿ ಮಾಸ್ಟರ್ ಸಿಲಿಂಡರ್ ಹಳೆಯದೇ ಇದ್ದರೆ ಪೆಡಲ್ ಉದ್ದಕ್ಕೆ ಹೋಗುತ್ತದೆ. ಡಾಟ್ 4 ಬ್ರೇಕ್ ಫ್ಲುಯಿಡ್ ಹೊಸದಿದ್ದಾಗ ಕುದಿಯುವುದು 230 ಡಿಗ್ರಿ ಮೇಲೆ, ನೀರು ಹೀರಿದ ಮೇಲೆ ಮಾನದಂಡದ ಕನಿಷ್ಠ 155. ಶಿರಾಡಿ ಘಾಟಿ ಇಳಿಯುವಾಗ ಆ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ಕರಾವಳಿಯಲ್ಲಿ ವರ್ಷಕ್ಕೊಮ್ಮೆ ಬದಲಿಸಲೇಬೇಕು.

ಓಡಿಸುವಾಗ ಹೆದ್ದಾರಿ 66ರಲ್ಲಿ ಸ್ಪೀಡ್ ನೋಡುವ ಆಸೆ ಬಿಡಿ. ಮೊದಲು ನಿಂತಲ್ಲೇ ಮಧ್ಯಾಹ್ನದ ಬಿಸಿಲಲ್ಲಿ 20 ನಿಮಿಷ ಐಡ್ಲಿಂಗ್, ಏಸಿ ಇದ್ದರೆ ಏಸಿ ಹಾಕಿ. ಕೂಲಂಟ್ 95 ಡಿಗ್ರಿ ದಾಟಿ ಏರುತ್ತಲೇ ಹೋದರೆ ರೇಡಿಯೇಟರ್ ಅಥವಾ ಫ್ಯಾನ್ ಸಾಲದು, ಬಹಳ ಸಲ ಫ್ಯಾನ್‌ಗೆ ಗಾಳಿಯನ್ನು ರೇಡಿಯೇಟರ್ ಮೂಲಕವೇ ಎಳೆಸುವ ಕವಚ, ಶ್ರೌಡ್, ಇರುವುದಿಲ್ಲ. ಆಮೇಲೆ ಏರು. ಮಂಗಳೂರಿನವರಿಗೆ ಮರವೂರಿನಿಂದ ವಿಮಾನ ನಿಲ್ದಾಣದ ಕಡೆಗೆ, ಉಡುಪಿಯವರಿಗೆ ಇಂದ್ರಾಳಿಯಿಂದ ಮಣಿಪಾಲಕ್ಕೆ. ಮೂರನೇ ಗೇರಿನಲ್ಲಿ 2,500 ಆರ್‌ಪಿಎಂನಿಂದ ನಿಧಾನ ಎಳೆಸಿ, ಪಕ್ಕದಲ್ಲಿ ಒಬ್ಬರು ಲ್ಯಾಪ್‌ಟಾಪ್‌ನಲ್ಲಿ ಲಾಗ್ ಹಿಡಿಯಲಿ. ಬೂಸ್ಟ್‌ನಲ್ಲಿ ಲ್ಯಾಂಬ್ಡಾ (ಗಾಳಿ-ಇಂಧನದ ಅಳತೆ; 1 ಅಂದರೆ ಸರಿಪ್ರಮಾಣ, ಕಡಿಮೆಯಾದರೆ ಇಂಧನ ಹೆಚ್ಚು) 0.78ರಿಂದ 0.82ರ ನಡುವೆ ಇರಲಿ. ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಗಂಟೆಗೆ 60ರಿಂದ 90 ಕಿಲೋಮೀಟರ್ ನಡುವೆ ಸೀಟಿನ ಕೆಳಗೆ ನಡುಕ ಬಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ನೋಡಿ. ಇಂಜಿನ್ ಬದಲಿಸುವಾಗ ಗೇರ್‌ಬಾಕ್ಸ್ ಕೂರುವ ಎತ್ತರ ಬದಲಾಗುತ್ತದೆ, ಮುಂದಿನ ಹಿಂದಿನ ಜಾಯಿಂಟ್‌ನ ಕೋನಗಳ ನಡುವೆ ಒಂದು ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ನಡುಕ ಶುರು. ಬ್ಯಾಲೆನ್ಸ್ ಮಾಡಿಸಿದರೆ ಅದು ಹೋಗುವುದಿಲ್ಲ.

ಇಷ್ಟರ ಮೇಲೂ ಗಾಡಿ ಇಷ್ಟವಾಗಿದ್ದರೆ ಬೆಲೆಯ ಕಾಲುಭಾಗದಷ್ಟು ದುಡ್ಡು ಬೇರೆ ತೆಗೆದಿಟ್ಟು ಮಾತಿಗೆ ಕೂರಿ. ಇನ್ಶೂರೆನ್ಸ್ ಮಾಡಿಸುವಾಗ ಬದಲಾವಣೆಗಳನ್ನೆಲ್ಲ ಬರೆದು ತಿಳಿಸಿ, ಇಲ್ಲದಿದ್ದರೆ ನಿಮ್ಮ ಗಾಡಿಯ ಹಾನಿಗೆ ಸಿಗುವ ಓನ್ ಡ್ಯಾಮೇಜ್ ಕ್ಲೇಮ್ ನಿಂತುಹೋಗಬಹುದು. ಮುಂಗಡ ಕೊಡುವಾಗ ಕರಾರುಪತ್ರದಲ್ಲೇ ಇವನ್ನು ಸೇರಿಸಿ: ಮ್ಯಾಪ್ ಫೈಲ್ ಮತ್ತು ಪಾಸ್‌ವರ್ಡ್, ವೈರಿಂಗ್ ಡಯಾಗ್ರಮ್, ಪಿಸ್ಟನ್, ಬೇರಿಂಗ್, ಗ್ಯಾಸ್ಕೆಟ್‌ಗಳ ಬಿಲ್, ಗೇರ್‌ಬಾಕ್ಸ್ ಮತ್ತು ಕ್ರೌನ್-ಪಿನಿಯನ್ (ಆಕ್ಸಲ್‌ನ ಗೇರ್ ಜೋಡಿ) ಯಾವ ಗಾಡಿಯದು ಎಂಬ ವಿವರ, ಮತ್ತು ಮೂಲ ಇಂಜಿನ್ ಉಳಿದಿದ್ದರೆ ಅದೂ. ಆ ಹಳೆ ಇಂಜಿನ್ ಒಡೆದು ತುಕ್ಕು ಹಿಡಿದಿದ್ದರೂ ಬಿಡದೆ ತನ್ನಿ, ಹೊಸ ಇಂಜಿನ್ ದಾಖಲಾಗಿಲ್ಲದಿದ್ದರೆ ಆರ್‌ಸಿಯಲ್ಲಿರುವ ಇಂಜಿನ್ ನಂಬರ್ ಅದರ ಮೇಲೆಯೇ ಕೊರೆದಿರುತ್ತದೆ.