ಮೊದಲು ಭುಜ, ಆಮೇಲೆ ಪಿಕಪ್

ಹೊಸ ಎಲೆಕ್ಟ್ರಿಕ್ ಗಿಟಾರ್ ಕೈಗೆ ಸಿಕ್ಕರೆ ಹೆಚ್ಚಿನವರು ಮೊದಲು ಕೇಬಲ್ ಸಿಕ್ಕಿಸುತ್ತಾರೆ. ನಾನು ಬೆಲ್ಟ್ ಹಾಕಿಕೊಂಡು ಸುಮ್ನೆ ನಿಂತುಕೊಳ್ಳುತ್ತೇನೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ನನ್ನ ಎಡಭುಜಕ್ಕೆ ಹಳೇ ನೋವಿದೆ, ಬೆರಳುಗಳೂ ಗಿಡ್ಡ. ಇವೆರಡಕ್ಕೂ ಒಗ್ಗದ ಗಿಟಾರ್ ಎಷ್ಟೇ ಚೆನ್ನಾಗಿ ನುಡಿದರೂ ಸ್ವಲ್ಪ ದಿನಕ್ಕೆ ಮೂಲೆ ಸೇರುತ್ತದೆ.

ಕಳೆದ ಸಲ ಆರಿಸಲು ಹೊರಟಾಗ ಕೊನೆಗೆ ಉಳಿದದ್ದು ಗಿಬ್ಸನ್ ಕಂಪನಿಯ ಲೆಸ್ ಪಾಲ್, ಎಸ್‌ಜಿ ಮಾದರಿಗಳು ಮತ್ತು ಫೆಂಡರ್‌ನ ಸ್ಟ್ರಾಟೊಕ್ಯಾಸ್ಟರ್, ಚಿಕ್ಕದಾಗಿ ಸ್ಟ್ರಾಟ್. ಗಿಟಾರಿನ ತಲೆಯ ಮೇಲೆ ಗಿಬ್ಸನ್, ಫೆಂಡರ್ ಅಂತಲೇ ಬರೆದಿರಬೇಕು ಅನ್ನುವ ಹಟ ನನಗಿಲ್ಲ. ಅವೇ ಕಂಪನಿಗಳು ಎಪಿಫೋನ್, ಸ್ಕ್ವಯರ್ ಹೆಸರಿನಲ್ಲಿ ಅದೇ ಆಕಾರದ ಗಿಟಾರುಗಳನ್ನು ಎಷ್ಟೋ ಕಡಿಮೆ ಬೆಲೆಗೆ ಮಾರುತ್ತವೆ.

ಆಸೆ ಇದ್ದದ್ದು ಲೆಸ್ ಪಾಲ್ ಮೇಲೆ. ಅದರ ಸ್ಕೇಲ್, ಅಂದರೆ ತಲೆಯ ಬುಡದಲ್ಲಿರುವ ನಟ್ ಎಂಬ ಪಟ್ಟಿಯಿಂದ ಬಾಡಿಯ ಮೇಲೆ ತಂತಿ ಕೂರುವ ಬ್ರಿಡ್ಜ್‌ವರೆಗಿನ ತಂತಿಯ ಉದ್ದ, 24.75 ಇಂಚು. ಸ್ಟ್ರಾಟ್‌ನದು 25.5. ಮುಕ್ಕಾಲು ಇಂಚು ಏನು ಮಹಾ ಅನ್ನಿಸಬಹುದು. ಆದರೆ ಅದೇ ತಂತಿ ಹಾಕಿ, ಅದೇ ಶ್ರುತಿಗೆ ಬಿಗಿದರೆ ಗಿಡ್ಡ ಸ್ಕೇಲ್‌ನಲ್ಲಿ ಎಳೆತ ಸುಮಾರು ಶೇ. 6ರಷ್ಟು ಕಡಿಮೆ. ತಂತಿ ಬೆಂಡ್ ಮಾಡುವಾಗ, ಅಂದರೆ ಸ್ವರ ಏರಿಸಲು ಪಕ್ಕಕ್ಕೆ ತಳ್ಳುವಾಗ, ಬೆರಳಿಗೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಫ್ರೆಟ್‌ಗಳೂ, ಅಂದರೆ ಎಡಗೈ ಓಡಾಡುವ ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿಗಳೂ, ಒಂದಕ್ಕೊಂದು ಒಂಚೂರು ಹತ್ತಿರ. ಮೊದಲನೇ ಫ್ರೆಟ್‌ನಲ್ಲಿ ಒಂದೇ ಬೆರಳಲ್ಲಿ ಹಲವು ತಂತಿ ಒತ್ತಬೇಕಾದ ಎಫ್ ಕಾರ್ಡ್ ಹಿಡಿಯಲು ನನ್ನ ತೋರುಬೆರಳು ಅಷ್ಟೇನೂ ಒದ್ದಾಡಲಿಲ್ಲ. ಖುಷಿಯಾಯಿತು. ಎದ್ದು ನಿಂತೆ. ಅಲ್ಲಿಗೆ ಖುಷಿ ಮುಗಿಯಿತು. ನಾನು ಹಾಕಿಕೊಂಡಿದ್ದು 4 ಕಿಲೋ ದಾಟಿತ್ತು. ಲೆಸ್ ಪಾಲ್‌ಗಳಲ್ಲಿ ಇದೇನು ಅಪರೂಪವಲ್ಲ. ಒಳಗೆ ಟೊಳ್ಳು ಮಾಡಿ ಹಗುರ ಮಾಡಿದವೂ ಇವೆ, ಆದರೆ ಅವತ್ತು ಅಲ್ಲಿ ಇರಲಿಲ್ಲ. ಎರಡು ಹಾಡು ನುಡಿಸುವಷ್ಟರಲ್ಲಿ ಭುಜ ಬೇಡ ಅಂದಿತು.

ಎಸ್‌ಜಿ ಬಂದದ್ದು 1961ರಲ್ಲಿ. ಮೊದಲು ಅದನ್ನೂ ಲೆಸ್ ಪಾಲ್ ಅಂತಲೇ ಮಾರುತ್ತಿದ್ದರು. ಸ್ಕೇಲ್ ಅದೇ, ಮರ ತೆಳ್ಳಗೆ, ತೂಕ ಕಡಿಮೆ, ಮೇಲಿನ ಫ್ರೆಟ್‌ಗಳಿಗೆ ಕೈ ಸಲೀಸಾಗಿ ಹೋಗುತ್ತದೆ. ಕಾಗದದ ಮೇಲೆ ನನಗೆ ಹೇಳಿ ಮಾಡಿಸಿದ ಗಿಟಾರ್, ಅಲ್ವಾ? ಆದರೆ ಎಡಗೈ ಬಿಟ್ಟ ಕೂಡಲೇ ನೆಕ್ ನೆಲದ ಕಡೆ ವಾಲುತ್ತದೆ. ಬಾಡಿ ಹಗುರ, ಬೆಲ್ಟಿನ ಗುಂಡಿ ನೆಕ್ಕಿನ ಬುಡದಲ್ಲಿ, ಹಾಗಾಗಿ ತಲೆಯ ಕಡೆ ಭಾರ. ಒರಟು ಚರ್ಮದ ಅಗಲ ಬೆಲ್ಟ್ ಹಾಕಿದರೆ ಜಾರುವುದು ಕಡಿಮೆ ಆಗುತ್ತದೆ. ಎಷ್ಟೋ ಜನ ಹಾಗೇ ಜೀವನಪೂರ್ತಿ ನುಡಿಸುತ್ತಾರೆ. ನನಗಂತೂ ಎಡಗೈ ನುಡಿಸಬೇಕೋ ನೆಕ್ ಹೊರಬೇಕೋ ಗೊತ್ತಾಗಲಿಲ್ಲ.

ಕೊನೆಗೆ ಮನೆಗೆ ಬಂದದ್ದು ಸ್ಟ್ರಾಟ್ ಆಕಾರದ್ದು. ಫೆಂಡರ್‌ನ ಮೊದಲ ಗಿಟಾರುಗಳ ಬಾಡಿ ಹಲಗೆಯ ಹಾಗೆ ಚಪ್ಪಟೆ. ಟೆಲಿಕ್ಯಾಸ್ಟರ್ ಇವತ್ತಿಗೂ ಹೆಚ್ಚುಕಮ್ಮಿ ಹಾಗೇ ಇದೆ, ಅಂಚು ಪಕ್ಕೆಲುಬಿಗೆ ಒತ್ತುತ್ತದೆ. 1954ರಲ್ಲಿ ಸ್ಟ್ರಾಟ್ ಬಂದಾಗ ಹೊಟ್ಟೆ ತಾಗುವ ಕಡೆ ಮರ ಕೆತ್ತಿ, ಮುಂಗೈ ಊರುವ ಕಡೆ ಇಳಿಜಾರು ಮಾಡಿದರು. ಕೂತು ನುಡಿಸಲಿ, ನಿಂತು ನುಡಿಸಲಿ, ಅದು ಮೈಗೆ ಅಂಟಿಕೊಂಡು ಇರುತ್ತದೆ. ನನ್ನದು ಮೂರೂವರೆ ಕಿಲೋಗೂ ಕಡಿಮೆ. ಸ್ಕೇಲ್ ಉದ್ದ ಅನ್ನುವ ಕೊರತೆಗೆ 9-42ರ ತೆಳು ತಂತಿ (ದಪ್ಪ ಇಂಚಿನ ಸಾವಿರದಲ್ಲಿ 9ರಿಂದ 42 ಭಾಗ) ಹಾಕಿಕೊಂಡೆ. ನೆಕ್ ತೆಳ್ಳಗಿರುವುದನ್ನೇ ಹುಡುಕಿದೆ.

ಇಲ್ಲೊಂದು ವಿಷಯ ಯಾರೂ ಹೇಳುವುದಿಲ್ಲ. ಫ್ರೆಟ್‌ಬೋರ್ಡ್ ಅಡ್ಡಕ್ಕೆ ಎಷ್ಟು ಉಬ್ಬಿದೆ ನೋಡಿ. ಹಳೇ ಶೈಲಿಯ ಫೆಂಡರ್‌ಗಳಲ್ಲಿ ರೇಡಿಯಸ್ 7.25 ಇಂಚು, ಅಂದರೆ ಉಬ್ಬು ಜಾಸ್ತಿ. ಕಾರ್ಡ್ ಹಿಡಿಯಲು ಹಿತ. ಆದರೆ ತಂತಿ ತಗ್ಗಿಸಿಟ್ಟುಕೊಂಡು ಹದಿನೈದನೇ ಫ್ರೆಟ್ ಹತ್ತಿರ ಮೊದಲ ತಂತಿಯನ್ನು ಪೂರ್ತಿ ಒಂದು ಸ್ವರ ಮೇಲೆ ತಳ್ಳಿ ನೋಡಿ. ತಂತಿ ಉಬ್ಬಿನ ನೆತ್ತಿಗೆ ಹತ್ತಿದಾಗ ಮುಂದಿನ ಫ್ರೆಟ್‌ಗೆ ತಾಗಿ ನಾದ ಟಪ್ ಅಂತ ಸಾಯುತ್ತದೆ. ತಪ್ಪಿಸಬೇಕೆಂದರೆ ತಂತಿ ಎತ್ತರಿಸಬೇಕು, ಎತ್ತರಿಸಿದರೆ ಬೆರಳು ನೋಯುತ್ತದೆ. ಈಗಿನ ಬಹಳಷ್ಟು ಸ್ಟ್ರಾಟ್‌ಗಳಲ್ಲಿ ರೇಡಿಯಸ್ 9.5, ಗಿಬ್ಸನ್‌ನಲ್ಲಿ 12, ಅಂದರೆ ಉಬ್ಬು ಕಡಿಮೆ. ನಾನು 9.5ಕ್ಕೆ ಒಪ್ಪಿದೆ.

ಇನ್ನು ಸೌಂಡ್. ಪಿಕಪ್ ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಅಯಸ್ಕಾಂತ ಮತ್ತು ತಂತಿ ಸುರುಳಿ. ಒಂದೇ ಸುರುಳಿಯ, ಅಂದರೆ ಸಿಂಗಲ್ ಕಾಯಿಲ್ ಪಿಕಪ್ಪಿನ ಗಂಟೆಯಂಥ ಸ್ಪಷ್ಟತೆ ನನಗೆ ಇಷ್ಟ. ಆದರೆ ಅದು ಒಳ್ಳೇ ಆಂಟೆನಾ ಕೂಡ. ಕರೆಂಟಿನ ಗುಂಯ್ ಸದ್ದನ್ನು ಹೀರಿಕೊಳ್ಳುತ್ತದೆ. ಆ್ಯಂಪ್‌ನಲ್ಲಿ (ಸದ್ದು ಹಿಗ್ಗಿಸುವ ಪೆಟ್ಟಿಗೆ) ಗೇನ್ ಏರಿಸಿ, ಗಿಟಾರ್ ಹಿಡಿದು ಕುರ್ಚಿಯಲ್ಲಿ ನಿಧಾನಕ್ಕೆ ತಿರುಗಿ. ಒಂದು ದಿಕ್ಕಿನಲ್ಲಿ ಸದ್ದು ಜೋರು, ಇನ್ನೊಂದರಲ್ಲಿ ಹೆಚ್ಚುಕಮ್ಮಿ ಮಾಯ. ಇನ್ನೊಂದು ಬಗೆಯ ಪಿಕಪ್ ಆದ ಹಂಬಕರ್‌ನಲ್ಲಿ ಎರಡು ಸುರುಳಿ, ಸುತ್ತಿದ್ದು ತಿರುವುಮುರುವು, ಅಯಸ್ಕಾಂತದ ಧ್ರುವವೂ ತಿರುವುಮುರುವು. ಆದ್ದರಿಂದ ಹೊರಗಿನ ಗುಂಯ್ ಒಂದನ್ನೊಂದು ಹೊಡೆದುಹಾಕುತ್ತದೆ, ತಂತಿಯ ಸದ್ದು ಮಾತ್ರ ಕೂಡಿಕೊಳ್ಳುತ್ತದೆ. ಗಿಬ್ಸನ್‌ನಲ್ಲಿದ್ದ ಸೆತ್ ಲವರ್ ಇದಕ್ಕೆ 1955ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದರು. ನಾನು ಬ್ರಿಡ್ಜ್ ಹತ್ತಿರ ಹಂಬಕರ್, ಉಳಿದೆರಡು ಕಡೆ ಸಿಂಗಲ್ ಕಾಯಿಲ್ ಇರುವುದನ್ನು ತೆಗೆದುಕೊಂಡೆ. ಕಟ್ಟಾ ಸ್ಟ್ರಾಟ್ ಅಭಿಮಾನಿಗಳು ಮುಖ ಸಿಂಡರಿಸುತ್ತಾರೆ. ಅವರ ಭುಜ ಅವರದು, ಕಿವಿ ಅವರದು.

ನನ್ನ ಲೆಕ್ಕ ಸರಳ. ಪಿಕಪ್ ಬೇಜಾರಾದರೆ ಬಿಚ್ಚಿ ಬೇರೆ ಹಾಕಬಹುದು. ಆ್ಯಂಪ್ ಬದಲಿಸಿದರೆ ಗಿಟಾರೇ ಬೇರೆ ಆದ ಹಾಗೆ ಕೇಳುತ್ತದೆ. ತೂಕ, ಸ್ಕೇಲ್, ಬಾಡಿಯ ಆಕಾರ ಮಾತ್ರ ಕೊಂಡ ದಿನ ಹೇಗಿತ್ತೋ ಹಾಗೇ. ಹಾಗಾಗಿ ದುಬಾರಿ ಮಾದರಿಗೆ ಕೈಯಲ್ಲಿರುವುದೆಲ್ಲ ಸುರಿಯಬೇಡಿ. ಮಧ್ಯಮ ಬೆಲೆಯದು ತೆಗೆದುಕೊಂಡು, ಉಳಿದ ದುಡ್ಡನ್ನು ಒಳ್ಳೇ ಆ್ಯಂಪ್‌ಗೆ ಮತ್ತು ಒಂದು ಸರಿಯಾದ ಸೆಟಪ್‌ಗೆ ಹಾಕಿ. ನೆಕ್ ಒಳಗಿರುವ ಸರಳನ್ನು (ಟ್ರಸ್ ರಾಡ್) ತಿರುಗಿಸಿ ನೆಕ್ ನೇರ ಮಾಡಿ, ನಟ್‌ನಲ್ಲಿ ತಂತಿ ಕೂರುವ ಸೀಳುಗಳನ್ನು ಸರಿಯಾದ ಆಳಕ್ಕೆ ಉಜ್ಜಿಸಿ, ಬ್ರಿಡ್ಜ್ ತಗ್ಗಿಸಿದರೆ ಅಗ್ಗದ ಗಿಟಾರ್ ಕೂಡ ಬೆರಳಿಗೆ ಬೆಣ್ಣೆ.

ಸೆಕೆಂಡ್ ಹ್ಯಾಂಡ್ ನೋಡುವವರು ನೆಕ್ಕಿನ ಅಂಚಿನ ಮೇಲೆ ಅಂಗೈ ಒಮ್ಮೆ ಎಳೆಯಿರಿ. ಫ್ರೆಟ್‌ನ ತುದಿಗಳು ಗರಗಸದ ಹಾಗೆ ಕೆರೆದರೆ ಬೆಲೆ ಇಳಿಸಿ ಕೇಳಿ. ಗಿಬ್ಸನ್ ಮಾದರಿಯಾದರೆ ತಲೆ ಮತ್ತು ನೆಕ್ ಸೇರುವ ಕಡೆ ಹಿಂದಿನಿಂದ ನೋಡಿ. ತಲೆ ಹಿಂದಕ್ಕೆ ಓರೆಯಾಗಿರುವುದರಿಂದ ಬಿದ್ದರೆ ಅಲ್ಲೇ ಮುರಿಯುವುದು. ಅಂಟು ಹಾಕಿ ಬಣ್ಣ ಬಳಿದಿದ್ದರೂ ಬೆಳಕಿಗೆ ಹಿಡಿದರೆ ಸಾಮಾನ್ಯವಾಗಿ ಗೆರೆ ಕಾಣುತ್ತದೆ. ಚೆನ್ನಾಗಿ ಅಂಟಿಸಿದ್ದರೆ ನುಡಿಸಲು ಏನೂ ತೊಂದರೆಯಿಲ್ಲ, ಬೆಲೆ ಮಾತ್ರ ಜಾಸ್ತಿ ಕೊಡಬೇಡಿ.