ಬೆರಳು ತೆಗೆಯಬೇಡ

"ಇಂಜಿನಿಯರಿಂಗ್ ಓದಿ ಅಷ್ಟು ದೂರ ಹೋದದ್ದು ಒಂದು ಮನೆ ಒತ್ತಿ ಹಿಡಿದುಕೊಂಡು ಕೂರುವುದಕ್ಕೋ?"

ಭಾವ ಇದನ್ನು ಕೇಳಿದ್ದು ಮಂಗಳವಾರ ಮಧ್ಯಾಹ್ನ, ಪತ್ರೊಡೆ ಊಟ ಮುಗಿಸಿ ನಾವೆಲ್ಲ ಚಾವಡಿಯಲ್ಲಿ ಕುಳಿತಿದ್ದಾಗ. ಇವತ್ತು ಶನಿವಾರ. ಹಂಪನಕಟ್ಟೆಗೆ ಹೋಗುವ ಬಸ್ಸಿನಲ್ಲಿ, ಕಚೇರಿಯಲ್ಲಿ ಕಡತ ತೆರೆದಾಗ, ರಾತ್ರಿ ಹಂಚಿನ ಮೇಲೆ ಮಳೆ ಸುರಿಯುವಾಗ ಅದೇ ಮಾತು ಕಿವಿಗೆ ಬಂದು ಕೂರುತ್ತಿದೆ. ಅವರು ಕೇಳಿದ್ದು ಜರ್ಮನಿಯಲ್ಲಿರುವ ನನ್ನ ತಂಗಿಯ ಮಗಳ ಬಗ್ಗೆ. ಆದರೆ ಅದೇ ಬೆಂಚಿನ ಮೇಲೆ, ಅವರ ಮೊಣಕೈಗೆ ತಾಗುವಷ್ಟು ಹತ್ತಿರದಲ್ಲಿ ನನ್ನ ತಂದೆ ಕುಳಿತಿದ್ದರು. ಇಪ್ಪತ್ತೆಂಟು ತಿರುಗಾಟ, ಎಂದರೆ ಊರೂರು ಸುತ್ತಿ ಆಟವಾಡುವ ಇಪ್ಪತ್ತೆಂಟು ವರ್ಷದ ಸಂಚಾರ, ಯಕ್ಷಗಾನ ಮೇಳದಲ್ಲಿ ಶ್ರುತಿ ಪೆಟ್ಟಿಗೆಯ ಮುಂದೆ ಕುಳಿತು ಮನೆ ಒತ್ತಿ ಹಿಡಿದವರು. ಮನೆ ಎಂದರೆ ಪೆಟ್ಟಿಗೆಯಲ್ಲಿ ಸ್ವರಕ್ಕಾಗಿ ಬೆರಳಿನಿಂದ ಒತ್ತುವ ಪಟ್ಟಿ. ಬಿಳಿ ಮನೆ, ಕಪ್ಪು ಮನೆ ಎಂಬ ಶಬ್ದ ನಮ್ಮ ಮನೆಯಲ್ಲಿ ಬಳಕೆಗೆ ಬಂದದ್ದೇ ಅವರಿಂದ.

ಹುಡುಗಿ ಕಲಿಯುತ್ತಿರುವುದು ಪೈಪ್ ಆರ್ಗನ್, ಎಂದರೆ ಮನೆ ಒತ್ತಿದಾಗ ಕೊಳವೆಗಳಿಗೆ ಗಾಳಿ ಹೊಕ್ಕು ನುಡಿಯುವ ಚರ್ಚಿನ ದೊಡ್ಡ ವಾದ್ಯವನ್ನು, ಕಟ್ಟುವ, ದುರಸ್ತಿ ಮಾಡುವ ಕೆಲಸವನ್ನು. ಮೂರೂವರೆ ವರ್ಷದ ಕಲಿಕೆ. ವರ್ಷದಲ್ಲಿ ಕೆಲವು ವಾರ ಲುಡ್ವಿಗ್ಸ್‌ಬುರ್ಗ್‌ನ ಶಾಲೆಯಲ್ಲಿ ಪಾಠ, ಉಳಿದಂತೆ ಕಾರ್ಯಾಗಾರದಲ್ಲಿ ಕೈಕೆಲಸ. ಆ ದೇಶದಲ್ಲಿ ಸುಮಾರು 50 ಸಾವಿರ ಆರ್ಗನ್‌ಗಳಿವೆ. ಅವುಗಳನ್ನು ಕಟ್ಟುವ ಮತ್ತು ನುಡಿಸುವ ವಿದ್ಯೆಯನ್ನು ಯುನೆಸ್ಕೋ 2017ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಇದನ್ನೆಲ್ಲ ಭಾವನಿಗೆ ಹೇಳಿದ್ದೇನೆ. ಕೇಳಿ ತಲೆಯಾಡಿಸುತ್ತಾರೆ, ಮತ್ತೆ ಸಂಬಳದ ವಿಚಾರಕ್ಕೆ ಬರುತ್ತಾರೆ. ಕೆಟ್ಟ ಮನುಷ್ಯರಲ್ಲ ಅವರು. ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ಹನ್ನೊಂದು ರಾತ್ರಿ ಕಾರಿಡಾರಿನಲ್ಲಿ ಚಾಪೆ ಹಾಸಿ ಮಲಗಿದವರು ಅವರೇ. ಆದರೆ ಬ್ಯಾಂಕಿನಲ್ಲಿ ನಲವತ್ತು ವರ್ಷ ಕೆಲಸ ಮಾಡಿದವರಿಗೆ, ದಿನದ ಕೊನೆಗೆ ಲೆಕ್ಕ ತೋರಿಸಲಾಗದ ದುಡಿಮೆ ದುಡಿಮೆಯ ಹಾಗೆ ಕಾಣುವುದಿಲ್ಲ.

ಮಂಗಳವಾರ ಅವಳು ಕರೆ ಮಾಡಿದ್ದು ಒಂದು ದೊಡ್ಡ ಚರ್ಚಿನ ಆರ್ಗನ್ನಿನ ಒಳಗಿನಿಂದ. ಒಳಗಿನಿಂದ ಎಂದರೆ ನಿಜಕ್ಕೂ ಒಳಗೇ. ಹೊರಗೆ ಕಾಣುವ ಬೆಳ್ಳಿಬಣ್ಣದ ಸಾಲು ಮುಖ ಮಾತ್ರ, ಹಿಂದೆ ಮೂರು ಅಂತಸ್ತಿನ ಕಟ್ಟಡವೇ ಇದೆ. ಒಬ್ಬರು ಅಡ್ಡವಾಗಿ ನಡೆಯಬಹುದಾದ ಹಲಗೆಯ ದಾರಿ, ಏಣಿ, ಮತ್ತೆ ಹಲಗೆ. ಎರಡೂ ಕಡೆ ಕೊಳವೆಗಳು, ಒಟ್ಟು ಐದು ಸಾವಿರಕ್ಕೂ ಹೆಚ್ಚು. ಇದು ಅಲ್ಲಿ ದೊಡ್ಡದೇ, ಆದರೆ ಅತಿ ದೊಡ್ಡದಲ್ಲವಂತೆ. ಪಸ್ಸಾವ್ ನಗರದ ಕ್ಯಾಥೆಡ್ರಲ್‌ನಲ್ಲಿ ಸುಮಾರು 18 ಸಾವಿರ ಇವೆ, ಅಮೆರಿಕದ ಅಟ್ಲಾಂಟಿಕ್ ಸಿಟಿಯ ಸಭಾಭವನದಲ್ಲಿ 33 ಸಾವಿರ. ನನಗೆ ಈ ಸಂಖ್ಯೆಗಳಿಗಿಂತ ಅವಳು ಮೊಬೈಲನ್ನು ಹತ್ತಿರ ಹಿಡಿದು ತೋರಿಸಿದ ಒಂದೇ ಒಂದು ಕೊಳವೆ ಮನಸ್ಸಿನಲ್ಲಿ ನಿಂತಿತು. ಪೆನ್ಸಿಲ್‌ನಷ್ಟು ಗಾತ್ರ. ತವರ ಮತ್ತು ಸೀಸ ಬೆರೆಸಿ ಎರಕ ಹೊಯ್ದ ತಗಡನ್ನು ಸುತ್ತಿ ಬೆಸೆದದ್ದು. "ಇದು ಪಾದ, ಮಾವ, ಇಲ್ಲಿಂದ ಗಾಳಿ ಹೋಗುತ್ತದೆ. ಇದು ಬಾಯಿ. ಇವು ಮೇಲ್ದುಟಿ, ಕೆಳದುಟಿ. ಮೇಲಿನದು ಒಡಲು." ಕೆಲವು ಕೊಳವೆಗಳಿಗೆ ಗಡ್ಡವೂ ಇದೆ. ಇನ್ನೊಂದು ಜಾತಿಯ ಕೊಳವೆಗೆ ಹಿತ್ತಾಳೆಯ ನಾಲಿಗೆ ಇರುತ್ತದೆ, ನಮ್ಮ ಹಾರ್ಮೋನಿಯಂ ರೀಡಿನ ದಾಯಾದಿ ಅದು. ಅವಳು ಆ ಕೊಳವೆಯನ್ನು ತೋರುಬೆರಳಿನಿಂದ ತೋರಿಸುತ್ತಿದ್ದಳೇ ಹೊರತು ಮುಟ್ಟುತ್ತಿರಲಿಲ್ಲ. ಏಕೆ ಎಂದು ತಂದೆ ಕೇಳಿದರು.

"ಕೈಯ ಬಿಸಿ ತಾಗಿದರೆ ಶ್ರುತಿ ಏರುತ್ತದೆ ಅಜ್ಜ. ಆಮೇಲೆ ತಣಿಯುವವರೆಗೆ ಕಾಯಬೇಕು."

ಒಂದು ಡಿಗ್ರಿ ಉಷ್ಣತೆ ಹೆಚ್ಚಿದರೆ, ಸೆಕೆಂಡಿಗೆ 440 ಸಲ ಕಂಪಿಸುವ ಸ್ವರ ಸುಮಾರು ಮುಕ್ಕಾಲು ಕಂಪನದಷ್ಟು ಮೇಲೇರುತ್ತದೆ. ಬೆಚ್ಚಗಿನ ಗಾಳಿಯಲ್ಲಿ ಶಬ್ದ ವೇಗವಾಗಿ ಓಡುವುದೇ ಇದಕ್ಕೆ ಕಾರಣ. ನಾಲಿಗೆಯ ಕೊಳವೆಗಳಾದರೋ ಬಿಸಿಗೆ ಅಷ್ಟಾಗಿ ಜಗ್ಗುವುದಿಲ್ಲ. ಹಾಗಾಗಿ ಸೆಕೆ ಬಂದ ದಿನ ಸಾವಿರಾರು ಕೊಳವೆಗಳು ಒಟ್ಟಿಗೆ ಮೇಲಕ್ಕೆ ಸರಿಯುತ್ತವೆ, ಕೆಲವು ನೂರು ಮಾತ್ರ ಇದ್ದಲ್ಲೇ ಉಳಿದು ಬೇಸುರಾಗುತ್ತವೆ. ಸರಿದವುಗಳನ್ನು ಹಿಂದಕ್ಕೆ ಎಳೆಯಲು ಯಾರೂ ಹೋಗುವುದಿಲ್ಲ, ಉಳಿದವುಗಳನ್ನೇ ಅವುಗಳಿಗೆ ಕೂಡಿಸುತ್ತಾರೆ. ತಂದೆ ಇದನ್ನು ಕೇಳಿ "ಇಬ್ಬನಿಯ ಹಾಗೆ" ಎಂದರು. ಬಯಲಾಟದ ನಡುರಾತ್ರಿ ಕಳೆದ ಮೇಲೆ ಇಬ್ಬನಿಗೆ ಮದ್ದಳೆಯ ಮುಚ್ಚಿಗೆ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಪೆಟ್ಟಿಗೆಯ ಶ್ರುತಿ ಇಳಿಯುವುದಿಲ್ಲ. ಆಗ ಮದ್ದಳೆಯವರು ಬಾರು ಬಿಗಿಯುತ್ತ, ಬೆರಳಿನಿಂದ ಮೆಲ್ಲನೆ ತಟ್ಟುತ್ತ ತಂದೆಯ ಕಡೆಗೆ ಕಿವಿ ಕೊಡುತ್ತಿದ್ದರು. ಒಂದು ಡಿಗ್ರಿಯ ಲೆಕ್ಕ ತಂದೆಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೆ ಅವರಿಗೆ ಅದು ಗೊತ್ತಿತ್ತು.

ಶ್ರುತಿ ಕೂಡಿಸುವ ಕೆಲಸಕ್ಕೆ ಇಬ್ಬರು ಬೇಕು. ಗುರು ಒಳಗೆ ಕೊಳವೆಗಳ ನಡುವೆ, ಶಿಷ್ಯೆ ಹೊರಗೆ ಮನೆಗಳ ಮುಂದೆ. ಅವಳು ಒಂದು ಮನೆ ಒತ್ತಿ ಹಿಡಿಯಬೇಕು. ಒಳಗೆ ಎರಡು ಕೊಳವೆಗಳು ಒಟ್ಟಿಗೆ ನುಡಿಯುತ್ತವೆ, ಒಂದು ಸರಿಯಾದದ್ದು, ಇನ್ನೊಂದು ಸರಿ ಮಾಡಬೇಕಾದದ್ದು. ಎರಡೂ ಕೂಡದಿದ್ದರೆ ನಡುವೆ ಒಂದು ಅಲೆ ಏಳುತ್ತದೆ. 440 ಮತ್ತು 442 ಆದರೆ ಸೆಕೆಂಡಿಗೆ ಎರಡು ಅಲೆ. ಸಣ್ಣ ಕೊಳವೆಯಾದರೆ ಗುರು ಅದರ ತುದಿಯನ್ನು ಹಿತ್ತಾಳೆಯ ಶಂಕುವಿನಿಂದ ಮೆಲ್ಲನೆ ತಟ್ಟುತ್ತಾರೆ. ತುದಿ ಅರಳಿದರೆ ಶ್ರುತಿ ಏರುತ್ತದೆ, ಕೂಡಿಕೊಂಡರೆ ಇಳಿಯುತ್ತದೆ. ನಾಲಿಗೆಯ ಕೊಳವೆಯಾದರೆ ಒಂದು ತಂತಿಯನ್ನು ಕೂದಲೆಳೆಯಷ್ಟು ಜರುಗಿಸುತ್ತಾರೆ. ಮರದ ಮುಚ್ಚುಗೊಳವೆಯಾದರೆ ಬಿರಡೆಯನ್ನು ಒಳಕ್ಕೆ ತಳ್ಳುತ್ತಾರೆ, ಇಲ್ಲವೇ ಹೊರಕ್ಕೆ ಎಳೆಯುತ್ತಾರೆ. ಅಲೆ ನಿಧಾನವಾಗುತ್ತದೆ, ಇನ್ನೂ ನಿಧಾನವಾಗುತ್ತದೆ, ಕೊನೆಗೆ ನಿಂತುಬಿಡುತ್ತದೆ. ಆಗ ಒಳಗಿನಿಂದ "ಮುಂದಿನದು" ಎಂಬ ಕೂಗು. ಅವಳು ಪಕ್ಕದ ಮನೆಗೆ ಸರಿಯುತ್ತಾಳೆ. ಒಂದು ಸಾಲಿನಲ್ಲಿ ಐವತ್ತಕ್ಕೂ ಹೆಚ್ಚು ಮನೆಗಳು, ಅಂಥ ಎಷ್ಟೋ ಸಾಲುಗಳು. ಹೀಗೆ ಇಡೀ ದಿನ. ನಡುವೆ ಮಾತಿಲ್ಲ, ಕೆಮ್ಮಿಲ್ಲ. ಹೊರಗೆ ಲಾರಿ ಹೋದರೆ ಅದರ ಸದ್ದು ಅಡಗುವವರೆಗೆ ಕಾಯಬೇಕು.

ಗುರುವಿನ ಒಪ್ಪಿಗೆ ಕೇಳಿ ಅವಳು ಹತ್ತು ನಿಮಿಷ ಮೊಬೈಲನ್ನು ಮನೆಗಳ ಪಕ್ಕದಲ್ಲಿ ಒರಗಿಸಿಟ್ಟಳು. ನಾವು ಅಲೆ ನಿಲ್ಲುವುದನ್ನು ಕೇಳಿದೆವು. ತಂದೆಗೆ ಎಂಬತ್ತಮೂರು. ಮಾತು ಜೋರಾಗಿ ಹೇಳಬೇಕು. ಆದರೆ ಅಲೆ ನಿಂತ ಕ್ಷಣದಲ್ಲಿ, ಗುರು ಕೂಗುವುದಕ್ಕೂ ಮೊದಲು, ಅವರ ತಲೆ ತಾನಾಗಿ ಒಮ್ಮೆ ಅಲುಗುತ್ತಿತ್ತು. ಮೂರು ಸಲ ನೋಡಿದೆ. ಮೂರು ಸಲವೂ ಅಷ್ಟೇ.

ಅದಾದ ಮೇಲೆ ಗುರು ಇಳಿದು ಬಂದರು. ಬಿಳಿ ಗಡ್ಡದ, ಮೊಣಕಾಲಿಗೆ ಚರ್ಮದ ತೇಪೆ ಹಾಕಿದ ಪ್ಯಾಂಟು ತೊಟ್ಟ ಮನುಷ್ಯ. ತಂದೆಗೆ ಕೈ ಬೀಸಿದರು. ಇವಳು ಏನೋ ಕೇಳಿಕೊಂಡಳು, ಅವರು ನಕ್ಕು ಇವಳ ಜಾಗದಲ್ಲಿ ಕುಳಿತರು. ಇವಳು ಮೊಬೈಲ್ ಹಿಡಿದು ಹಿಂದಕ್ಕೆ ಓಡಿದಳು. ಅಲ್ಲಿ ಹಲಗೆಗಳಿಂದ ಮಾಡಿದ ಚೌಕದ ಕೊಳವೆ, ಬಾವಿಯನ್ನು ಎತ್ತಿ ನಿಲ್ಲಿಸಿದ ಹಾಗೆ. 32 ಅಡಿ, ಹತ್ತಿರ ಹತ್ತಿರ ಹತ್ತು ಮೀಟರ್. ಸೆಕೆಂಡಿಗೆ ಹದಿನಾರೇ ಕಂಪನ. ಕಿವಿ ಅದನ್ನು ಸ್ವರವೆಂದು ಹಿಡಿಯುವುದೇ ಕಷ್ಟ, ಮೈ ಹಿಡಿಯುತ್ತದೆ.

"ಮಾವ, ಇದು ಮೊಬೈಲಿನಲ್ಲಿ ಕೇಳುವುದಿಲ್ಲ. ನೋಡಿ ಮಾತ್ರ."

ಅವಳು ತೆಳ್ಳಗಿನ ಕಾಗದದ ಪಟ್ಟಿಯೊಂದನ್ನು ಹರಿದು ಎರಡು ಬೆರಳ ನಡುವೆ ಹಿಡಿದು ಆ ಕೊಳವೆಯ ಬಾಯಿಯ ಮುಂದೆ ಇಳಿಬಿಟ್ಟಳು. ಗುರು ಕಾಲಿನ ಮನೆಯನ್ನು ಮೆಟ್ಟಿರಬೇಕು. ಕಾಗದ ನಡುಗತೊಡಗಿತು. ಹಾರಲಿಲ್ಲ, ಬಾಗಲಿಲ್ಲ, ಇದ್ದಲ್ಲೇ ನಡುಗಿತು, ಅಂಚು ಕಣ್ಣಿಗೆ ಕಾಣದಷ್ಟು. "ಕಾಲ ಕೆಳಗಿನ ಹಲಗೆ ಅದುರುತ್ತಿದೆ" ಎಂದಳು. ಇಲ್ಲಿ ನಮಗೆ ಕೇಳುತ್ತಿದ್ದುದು ನಮ್ಮದೇ ಮಳೆ. ತಂದೆ ಮೆಲ್ಲನೆ ಅಂಗೈಯನ್ನು ಮೊಬೈಲಿನ ಅಡಿಗೆ ಒಡ್ಡಿದರು, ಆ ನಡುಕ ಇಲ್ಲಿಗೂ ದಾಟಿ ಬಂದೀತೋ ಎಂಬ ಹಾಗೆ. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಿದ್ದರು.

ಆಗಲೇ ಭಾವ ಆ ಮಾತು ಕೇಳಿದ್ದು. ಕರೆ ಇನ್ನೂ ನಡೆಯುತ್ತಿತ್ತು. ಹುಡುಗಿಗೆ ಕೇಳಿಸಿತು, ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು. ನನಗೆ ಬಾಯಿಗೆ ಬಂದದ್ದನ್ನು ತಡೆದುಕೊಂಡೆ, ಹೆಂಡತಿ ಒಳಗಿನಿಂದ ನೋಡುತ್ತಿದ್ದಳು. ತಂದೆ ಭಾವನ ಕಡೆ ತಿರುಗಲೇ ಇಲ್ಲ. ಮೊಬೈಲನ್ನು ಮುಖದ ಹತ್ತಿರಕ್ಕೆ ಎಳೆದುಕೊಂಡು, "ಅವರು ಹೇಳುವವರೆಗೆ ಬೆರಳು ತೆಗೆಯಬೇಡ ಮಗಳೇ" ಎಂದರು. ಅಷ್ಟೇ.

ಭಾವನ ಮೇಲಿನ ಸಿಟ್ಟು ಅದೇ ಸಂಜೆ ಇಳಿಯಿತು. ಇಳಿಯದೆ ಉಳಿದದ್ದು ಬೇರೆಯೇ. ಏಳನೆಯ ತರಗತಿಯಲ್ಲಿದ್ದಾಗ ಮಾಸ್ತರರು, "ನಿನ್ನ ತಂದೆ ಮೇಳದಲ್ಲಿ ಏನು ಮಾಡುತ್ತಾರೆ?" ಎಂದು ಕೇಳಿದ್ದರು. ನಾನು "ಹಿಮ್ಮೇಳದಲ್ಲಿದ್ದಾರೆ" ಎಂದಿದ್ದೆ. ಮಾಸ್ತರರು ಚೆಂಡೆ, ಮದ್ದಳೆ ಎಂದುಕೊಳ್ಳಲಿ ಎಂದೇ ಹಾಗೆ ಹೇಳಿದ್ದು. ಕರಪತ್ರದಲ್ಲಿ ಭಾಗವತರ ಹೆಸರು ದಪ್ಪಕ್ಷರದಲ್ಲಿ, ಚೆಂಡೆ ಮದ್ದಳೆಯವರ ಹೆಸರು ಅದರ ಕೆಳಗೆ, ಆಮೇಲೆ ವೇಷಧಾರಿಗಳು. ತಂದೆಯ ಹೆಸರನ್ನು ನಾನು ಯಾವ ಕರಪತ್ರದಲ್ಲೂ ಕಾಣಲಿಲ್ಲ. ಹಿಂದೆ ಶ್ರುತಿಗೆ ಪುಂಗಿ ಊದುತ್ತಿದ್ದ ಕಾಲದಲ್ಲಿ ಉಸಿರು ಕಡಿಯದ ಹಾಗೆ ರಾತ್ರಿಯಿಡೀ ಊದಿದವರ ಹೆಸರುಗಳೂ ಎಲ್ಲಿ ಉಳಿದಿವೆ? ಭಾಗವತರು "ಕಪ್ಪು ಎರಡು" ಎಂದರೆ ಕಪ್ಪು ಎರಡು, ಪದ ಏರಿದಾಗ "ಕಪ್ಪು ಮೂರು" ಎಂದರೆ ಕಪ್ಪು ಮೂರು. ರಂಗಸ್ಥಳದಲ್ಲಿ ರಾಕ್ಷಸ ಬರಲಿ, ದೇವಿ ಬರಲಿ, ಮಕ್ಕಳು ಚಪ್ಪಾಳೆ ತಟ್ಟಲಿ, ಆ ಸ್ವರ ನಿಲ್ಲುವಂತಿಲ್ಲ. ಅದು ಇದೆ ಎಂದು ಯಾರಿಗೂ ಅನಿಸುವುದಿಲ್ಲ. ಅರೆಕ್ಷಣ ತಪ್ಪಿದರೆ ಮಾತ್ರ ಭಾಗವತರು ತಿರುಗಿ ನೋಡುತ್ತಾರೆ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಬಂದ ವರ್ಷ ತಿರುಗಾಟ ಮುಗಿಯುವ ಪತ್ತನಾಜೆಗೆ ಮೇಳ ಗೆಜ್ಜೆ ಬಿಚ್ಚಿದಾಗ, ಮುಂದಿನ ತಿರುಗಾಟಕ್ಕೆ ಬರಬೇಕಾಗಿಲ್ಲ ಎಂದು ಯಜಮಾನರು ತಂದೆಗೆ ಮರ್ಯಾದೆಯಿಂದಲೇ ಹೇಳಿದರು. ಪೆಟ್ಟಿಗೆ ಅಗ್ಗ, ನಿದ್ದೆಗೆಡುವುದಿಲ್ಲ, ನಿಜ. ನಾನು ಆಗ ಸಮಾಧಾನವೇ ಪಟ್ಟಿದ್ದೆ, ಇನ್ನಾದರೂ ರಾತ್ರಿ ಮನೆಯಲ್ಲಿ ಮಲಗುತ್ತಾರೆ ಎಂದು. ಅವರಿಗೆ ಹೇಗನಿಸಿತು ಎಂದು ಕೇಳಲಿಲ್ಲ. ಇಷ್ಟು ವರ್ಷ ಕೇಳಲಿಲ್ಲ.

ಬುಧವಾರ, ಗುರುವಾರ ರಾತ್ರಿ ನಾನು ಆರ್ಗನ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ವಿದ್ಯುತ್ತಿನ ಮೋಟಾರು ಬರುವ ಮೊದಲು ಗಾಳಿ ತುಂಬಲು ಹಿಂದುಗಡೆ ಜನ ತಿದಿ ಮೆಟ್ಟುತ್ತಿದ್ದರು. ಜರ್ಮನಿಯ 1361ರ ಹಾಲ್ಬರ್‌ಸ್ಟಾಟ್ ಆರ್ಗನ್ನಿಗೆ ಇಪ್ಪತ್ತು ತಿದಿ, ಮೆಟ್ಟಲು ಹತ್ತು ಮಂದಿ. ಕೆಲವು ಹಳೆಯ ಆರ್ಗನ್ನುಗಳಲ್ಲಿ ಎಳೆಯುವ ಹಿಡಿಕೆಗಳ ನಡುವೆ ಒಂದು, ಯಾವ ಕೊಳವೆಗೂ ಸೇರದ್ದು ಇದೆ. ಅದನ್ನು ಎಳೆದರೆ ಹಿಂದೆ ಗಂಟೆ ಹೊಡೆಯುತ್ತದೆ, ಮೆಟ್ಟುವವನು ಎದ್ದು ಕೆಲಸ ಶುರು ಮಾಡಲಿ ಎಂದು. ಅದೇ ಹಾಲ್ಬರ್‌ಸ್ಟಾಟಿನ ಇನ್ನೊಂದು ಚರ್ಚಿನಲ್ಲಿ ಈಗ ಒಂದು ನುಡಿಸುವಿಕೆ ನಡೆಯುತ್ತಿದೆ. 2001ರಲ್ಲಿ ಆರಂಭ, 2640ರಲ್ಲಿ ಮುಕ್ತಾಯ. ಒಂದೊಂದು ಸ್ವರ ತಿಂಗಳುಗಟ್ಟಲೆ, ವರ್ಷಗಟ್ಟಲೆ ನಿಲ್ಲುತ್ತದೆ. ಅಲ್ಲಿ ಸ್ವರ ಹಿಡಿಯುವುದು ಮನುಷ್ಯರ ಬೆರಳಲ್ಲ, ಸಣ್ಣ ಭಾರಗಳು. ಸ್ವರ ಬದಲಾಗುವ ದಿನ ದೂರದೂರದಿಂದ ಜನ ಬರುತ್ತಾರೆ. ನನಗೆ ಮಾತ್ರ ಬದಲಾಗದ ದಿನಗಳದ್ದೇ ಯೋಚನೆ. ಅಲ್ಲಿ ಯಾರು ಬಾಗಿಲು ತೆರೆಯುತ್ತಾರೆ, ಗಾಳಿ ಸರಿಯಾಗಿದೆಯೇ ಎಂದು ಯಾರು ನೋಡುತ್ತಾರೆ?

ನಿನ್ನೆ ಶುಕ್ರವಾರ ಹುಡುಗಿ ಮತ್ತೆ ಕರೆ ಮಾಡಿದಳು. ಅಜ್ಜನನ್ನೇ ಕೇಳಿದಳು. ಆಯಾಸದ ಮುಖ, ಮೂರು ದಿನದಿಂದ ಮನೆ ಒತ್ತಿ ಹಿಡಿದು ಬೆರಳಿನ ಗಂಟು ನೋಯುತ್ತಿದೆಯಂತೆ.

"ಅಜ್ಜ, ನೀವು ರಾತ್ರಿಯಿಡೀ ಹೇಗೆ ಹಿಡಿಯುತ್ತಿದ್ದಿರಿ?"

ತಂದೆ ಎಲೆಯಡಿಕೆಯ ತಟ್ಟೆಯನ್ನು ಬದಿಗೆ ಸರಿಸಿ, ಸ್ಟೂಲಿನ ಅಂಚಿನ ಮೇಲೆ ನಡುಬೆರಳು ಇಟ್ಟರು. ಉಗುರಿನ ಅಂಚು ಸುಣ್ಣದಿಂದ ಬೆಳ್ಳಗಾಗಿತ್ತು. ಅದರ ಕೆಳಗೆ ತೋರುಬೆರಳು ಮೆಲ್ಲನೆ ನುಸುಳಿತು. ಒಂದು ಗಳಿಗೆ ಎರಡೂ ಬೆರಳು ಒಟ್ಟಿಗೆ ಒತ್ತಿದವು. ಆಮೇಲೆ ನಡುಬೆರಳು ಮೇಲಕ್ಕೆದ್ದಿತು.

"ಹೀಗೆ. ಒಂದು ಬಂದು ಕೂತ ಮೇಲೆಯೇ ಇನ್ನೊಂದು ಏಳಬೇಕು. ಸ್ವರಕ್ಕೆ ಗೊತ್ತಾಗಬಾರದು."

"ಇಲ್ಲಿ ನುಡಿಸುವವರಿಗೂ ಇದನ್ನೇ ಕಲಿಸುತ್ತಾರೆ ಅಜ್ಜ. ಇನ್ನೊಮ್ಮೆ ತೋರಿಸಿ."

ನಾನು ಮೊಬೈಲನ್ನು ಸ್ಟೂಲಿನ ಹತ್ತಿರಕ್ಕೆ ಹಿಡಿದೆ. ತಂದೆ ಇನ್ನೊಮ್ಮೆ ತೋರಿಸಿದರು, ಈ ಸಲ ಉಂಗುರ ಬೆರಳಿನಿಂದ.